ಹತ್ತು ನಿಮಿಷ ಯಾರ ಕೈಯಲ್ಲಿ?

ಪೀಣ್ಯದ ಕಾರ್ಖಾನೆಯೊಂದರಲ್ಲಿ ಲೇತ್ ನಡೆಸುವ ತಂದೆ. ಮಗ ಹತ್ತನೆಯ ತರಗತಿ. ಹುಡುಗ ಜಾಣನೇ. ಆದರೆ ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಗಣಿತದ ಕೊನೆಯ ಮೂರು ಪ್ರಶ್ನೆಗಳನ್ನು ಮುಟ್ಟಲೇ ಇಲ್ಲ. "ಎಲ್ಲಾ ಬರುತ್ತಿತ್ತು, ಟೈಮ್ ಸಾಲಲಿಲ್ಲ" ಎಂದು ಅತ್ತ.

ಒಂದು ಬಿಡಿಭಾಗಕ್ಕೆ ಎಷ್ಟು ನಿಮಿಷ ಎಂಬ ಲೆಕ್ಕದಲ್ಲೇ ದಿನ ಕಳೆಯುವ ತಂದೆಗೆ ಉಪಾಯ ಹೊಳೆಯಿತು. ಮೊಬೈಲಿನಲ್ಲಿ ಹತ್ತು ನಿಮಿಷದ ಟೈಮರ್ ಇಟ್ಟು, ಐದು ಲೆಕ್ಕ ಕೊಟ್ಟು, ಮಗನ ಬೆನ್ನ ಹಿಂದೆ ನಿಂತರು. ಗಂಟೆ ಬಡಿದಾಗ ಎರಡು ಲೆಕ್ಕ ಮುಗಿದಿದ್ದವು. "ಇಷ್ಟೇನಾ?" ಎಂದರು. ಮರುದಿನ ಒಂದೇ ಮುಗಿಯಿತು. ಮೂರನೆಯ ದಿನ ಹುಡುಗನ ಕೈಯೇ ನಡುಗತೊಡಗಿತು.

ತಪ್ಪು ಟೈಮರಿನದೇ? ಅಲ್ಲ. ಕಾಲವನ್ನು ಸಣ್ಣ ತುಂಡುಗಳಾಗಿ ಅಳೆಯುವುದು ನಮಗೆ ಹೊಸದೂ ಅಲ್ಲ. ತಳದಲ್ಲಿ ಸಣ್ಣ ತೂತಿರುವ ಬಟ್ಟಲನ್ನು ನೀರಿನ ಮೇಲೆ ತೇಲಿಬಿಡುತ್ತಿದ್ದರು. ಅದು ತುಂಬಿ ಮುಳುಗಿದರೆ ಒಂದು ಘಳಿಗೆ, ಅಂದರೆ 24 ನಿಮಿಷ. 1980ರ ದಶಕದ ಕೊನೆಯಲ್ಲಿ ಇಟಲಿಯ ವಿದ್ಯಾರ್ಥಿ ಫ್ರಾನ್ಸೆಸ್ಕೊ ಸಿರಿಲ್ಲೊ, ಟೊಮೆಟೊ ಆಕಾರದ ಅಡುಗೆಮನೆ ಟೈಮರ್ ತಿರುಗಿಸಿಟ್ಟು ಓದತೊಡಗಿದ. ಮುಂದೆ ಅವನ ಪದ್ಧತಿ ನಿಂತದ್ದು 25 ನಿಮಿಷಕ್ಕೆ. ಹೆಚ್ಚುಕಡಿಮೆ ನಮ್ಮ ಘಳಿಗೆಯೇ! ಆದರೆ ಅವನ ಟೈಮರಿನ ಕೀಲಿ ಅವನ ಕೈಯಲ್ಲೇ ಇತ್ತು.

ಇದೇ ಪೀಣ್ಯದಲ್ಲಿ ಇಸ್ರೋದ ಇಸ್ಟ್ರ್ಯಾಕ್ ಕೇಂದ್ರವಿದೆ. 2023ರ ಆಗಸ್ಟ್ 23ರ ಸಂಜೆ ಚಂದ್ರಯಾನ-3ರ ವಿಕ್ರಮ್ ಚಂದ್ರನ ಮೇಲೆ ಇಳಿದಾಗ ವಿಜ್ಞಾನಿಗಳು ಕಾದು ಕುಳಿತಿದ್ದುದು ಇಲ್ಲೇ. ಕೊನೆಯ ಸುಮಾರು ಇಪ್ಪತ್ತು ನಿಮಿಷ ನೌಕೆ ತನ್ನ ದಾರಿಯನ್ನು ತಾನೇ ನೋಡಿಕೊಳ್ಳಬೇಕಿತ್ತು. ಇವರು ಪರದೆ ನೋಡುವುದಷ್ಟೇ. 2019ರ ಸೆಪ್ಟೆಂಬರಿನಲ್ಲಿ ಚಂದ್ರಯಾನ-2ರ ವಿಕ್ರಮ್ ಅಪ್ಪಳಿಸಿತ್ತು. ಆಮೇಲೆ ಎಲ್ಲಿ ಎಡವಿದೆವೆಂದು ಹುಡುಕಿದರು. ಇಳಿಯುವ ಉಪಕರಣಗಳನ್ನು ಹೆಲಿಕಾಪ್ಟರಿನಲ್ಲಿ, ಕ್ರೇನಿನಲ್ಲಿ ಕಟ್ಟಿ ಪರೀಕ್ಷಿಸಿದರು. ಪರೀಕ್ಷಾ ಕೊಠಡಿಯ ಹೊರಗೆ ನಿಲ್ಲುವ ತಂದೆ ತಾಯಿಯರದೂ ಇದೇ ಸ್ಥಿತಿಯಲ್ಲವೇ? ಒಳಗಿನ ಮೂರು ಗಂಟೆ ಮಗುವಿನದೇ.

ಆದ್ದರಿಂದ ಅಭ್ಯಾಸದ ಹತ್ತು ನಿಮಿಷವೂ ಮಗುವಿನದೇ ಆಗಬೇಕು. ಮೊದಲು ಗಡಿಯಾರವಿಲ್ಲದೆ ಲೆಕ್ಕ ಸರಿಯಾಗಿ ಬರಲಿ. ತಿಳಿಯದ ಲೆಕ್ಕವನ್ನು ಟೈಮರ್ ಕಲಿಸುವುದಿಲ್ಲ. ಬಳಿಕ ಮಗುವೇ ಗುಂಡಿ ಒತ್ತಲಿ. ಗಂಟೆ ಬಡಿದಾಗ ಪೆನ್ನು ಕೆಳಗಿಟ್ಟು, ಎಲ್ಲಿ ನಿಂತೆ, ಏಕೆ ನಿಂತೆ ಎಂದು ಒಂದು ಸಾಲು ಬರೆಯಲಿ. ಐದು ನಿಮಿಷ ಎದ್ದು ಓಡಾಡಲಿ. ವ್ಯಾಯಾಮಕ್ಕೂ ಇದೇ ಕ್ರಮ: ಅರ್ಧ ನಿಮಿಷ ಹಗ್ಗದಾಟ, ಅರ್ಧ ನಿಮಿಷ ವಿರಾಮ. ಮೊಬೈಲ್ ಕಣ್ಣೆದುರಿದ್ದರೆ ಮನಸ್ಸು ಅತ್ತ ಎಳೆಯುತ್ತದೆ. ಅಡುಗೆಮನೆಯ ಟೈಮರ್ ಲೇಸು.

ಪೀಣ್ಯದ ತಂದೆ ನಾಲ್ಕನೆಯ ದಿನ ಹಿಂದೆ ನಿಲ್ಲಲಿಲ್ಲ. ಟೈಮರನ್ನು ಮಗನ ಮುಂದಿಟ್ಟು ಹೊರಗೆ ಹೋದರು. ಹುಡುಗನ ನೋಟ್‌ಬುಕ್ಕಿನಲ್ಲಿ ಒಂದೇ ಮಾತು ಮತ್ತೆ ಮತ್ತೆ ಕಂಡಿತು: "ಅಂಕಗಣಿತ ಸರಿ, ಚಿತ್ರ ಬರೆಯಲು ತಡ." ದಿನಕ್ಕೆರಡು ರೇಖಾಚಿತ್ರ ಬರೆದ. ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಉಳಿದದ್ದು ಒಂದು ಪ್ರಶ್ನೆ.

ತಂದೆ ಈ ಸಲ "ಇಷ್ಟೇನಾ?" ಎನ್ನಲಿಲ್ಲ. "ಇನ್ನೆಷ್ಟು ನಿಮಿಷ ಬೇಕಿತ್ತು?" ಎಂದರು. "ಆರು" ಎಂದ ಹುಡುಗ. ಅವನ ಲೆಕ್ಕ ಈಗ ಅವನಿಗೇ ಗೊತ್ತಿತ್ತು.