ಎರಡು ಚಿಹ್ನೆಗಳ ನಡುವೆ

ಸುಡೊಕುವಿನ 81 ಮನೆಗಳೂ ಸರಿಯಾಗಿ ತುಂಬಿದವು ಎಂದರೆ ನಾನು ಮಾಡಿದ ತರ್ಕವೂ ಸರಿಯೇ ಇದ್ದಿರಬೇಕು ಎಂದು ಬಹಳ ಕಾಲ ನಂಬಿದ್ದೆ. ಉತ್ತರದ ಪುಟಕ್ಕೆ ತಾಳೆಯಾದ ಮೇಲೆ ಇನ್ನೇನು ಬೇಕು ಅನ್ನಿಸುತ್ತಿತ್ತು.

ದಿನಪತ್ರಿಕೆಯ ಒಗಟುಗಳಿಗೆ ಬರವಣಿಗೆ ಬೇಕಾಗುವುದಿಲ್ಲ. ಕಠಿಣ ಒಗಟುಗಳ ಮಾತು ಬೇರೆ. ಖಾಲಿ ಮನೆಗಳಲ್ಲೆಲ್ಲ ಎರಡು ಮೂರು ಅಂಕಿಗಳು ಅಭ್ಯರ್ಥಿಗಳಾಗಿ ಉಳಿದಿರುತ್ತವೆ. ಎಕ್ಸ್-ವಿಂಗ್, ಸ್ವೋರ್ಡ್‌ಫಿಶ್‌ನಂಥ ಮಾದರಿಗಳೂ ಸಿಗದೆ ಹೋದಾಗ ‘ಇದು ಅಲ್ಲವಾದರೆ ಅದು, ಅದು ಹೌದಾದರೆ ಮತ್ತೊಂದು ಅಲ್ಲ’ ಎಂದು ಸರಪಳಿ ಹೆಣೆಯಬೇಕು. ನಾನು ಆ ಸರಪಳಿಗಳನ್ನು ಬಾಣಗಳಲ್ಲಿ ಬರೆಯುತ್ತಿದ್ದೆ. ಇಲ್ಲಿ 4 ಬಂದರೆ → ಅಲ್ಲಿ 7 → ಇನ್ನೊಂದು ಕಡೆ 4. ಹೀಗೆ ನೋಟ್‌ಬುಕ್ಕುಗಳೇ ತುಂಬಿದ್ದವು.

ಅವುಗಳಲ್ಲೊಂದನ್ನು ಕಲಿಯಲಿ ಎಂದು ಕಿರಿಯ ಗೆಳತಿಯೊಬ್ಬಳಿಗೆ ಕೊಟ್ಟೆ. ಕೆಲವು ವಾರಗಳ ನಂತರ ಅವಳು ಅದನ್ನು ಹಿಡಿದುಕೊಂಡು ಬಂದಳು. ನನ್ನ ರೀತಿಯಲ್ಲೇ ಬಿಡಿಸಿದರೂ ಅವಳ ಒಗಟುಗಳು ಮೇಲಿಂದ ಮೇಲೆ ಒಡೆದುಹೋಗುತ್ತಿದ್ದವು, ತನಗೆ ತಲೆಯಿಲ್ಲ ಎಂದೇ ಅವಳು ತೀರ್ಮಾನಿಸಿದ್ದಳು. ಒಂದು ಸರಪಳಿಯ ಮೇಲೆ ಬೆರಳಿಟ್ಟು, “ಈ ಕಂಬಸಾಲಿನ 7 ಒಂಬತ್ತನೇ ಸಾಲಿನಲ್ಲೂ ಕೂರಬಹುದಲ್ಲ?” ಎಂದು ಕೇಳಿದಳು. ಉತ್ತರ ಸರಿ ಬಂದಿದೆ ನೋಡು ಅಂದೆ. “ಉತ್ತರ ಸರಿ. ಇಲ್ಲಿಂದ ಅಲ್ಲಿಗೆ ಹೇಗೆ ಬಂದಿರಿ?”

ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಆ ರಾತ್ರಿ ಅದೇ ಸರಪಳಿಯನ್ನು ಯುರೇಕಾ ನೊಟೇಶನ್ನಿನಲ್ಲಿ ಬರೆಯಲು ಕೂತೆ. ಅದರ ಬಗ್ಗೆ ಓದಿದ್ದೆ, ಆದರೆ ಪಂಡಿತರ ಶೋಕಿ ಎಂದು ಪಕ್ಕಕ್ಕಿಟ್ಟಿದ್ದೆ. ಆರ್ ಎಂದರೆ ಅಡ್ಡಸಾಲು, ಸಿ ಎಂದರೆ ಕಂಬಸಾಲು. ಸರಪಳಿ ಹೀಗಿತ್ತು:

(4)ಆರ್2ಸಿ3 = (4-7)ಆರ್2ಸಿ8 = (7)ಆರ್6ಸಿ8 - (7=4)ಆರ್6ಸಿ1

ಇದರಲ್ಲಿ ಇರುವುದು ಎರಡೇ ಚಿಹ್ನೆ. ‘=’ ಎಂಬುದು ಸ್ಟ್ರಾಂಗ್ ಲಿಂಕ್: ಒಂದು ಸುಳ್ಳಾದರೆ ಇನ್ನೊಂದು ನಿಜವಾಗಲೇಬೇಕು. ‘-’ ಎಂಬುದು ವೀಕ್ ಲಿಂಕ್: ಒಂದು ನಿಜವಾದರೆ ಇನ್ನೊಂದು ಸುಳ್ಳು. ಎರಡೂ ಒಂದಾದ ಮೇಲೊಂದು ಬರಬೇಕು. ಎರಡನೇ ಸಾಲಿನಲ್ಲಿ 4ಕ್ಕೆ ಎರಡೇ ಜಾಗ, ಆದ್ದರಿಂದ ಮೊದಲ ‘=’ ಸರಿ. ಒಂದೇ ಮನೆಯಲ್ಲಿ 4 ಮತ್ತು 7 ಒಟ್ಟಿಗೆ ಇರಲಾರವು, ಅದಕ್ಕೇ ‘-’. ಮುಂದಿನ ‘=’ ಬರೆಯಬೇಕಾದರೆ ಎಂಟನೇ ಕಂಬಸಾಲಿನಲ್ಲಿ 7ಕ್ಕೆ ಎರಡೇ ಜಾಗ ಇರಬೇಕು. ಇದ್ದದ್ದು ಮೂರು: ಆರ್9ಸಿ8ರಲ್ಲೂ 7 ಉಳಿದಿತ್ತು. ಆ ಮನೆಗಳ ನಡುವೆ ನಿಜವಾಗಿ ಇದ್ದದ್ದು ವೀಕ್ ಲಿಂಕ್ ಮಾತ್ರ.

ಬಾಣದ ಬರವಣಿಗೆಯಲ್ಲಿ ಈ ಪ್ರಶ್ನೆ ಏಳುವುದೇ ಇಲ್ಲ. ‘ಇಲ್ಲಿ 4, ಆದ್ದರಿಂದ ಅಲ್ಲಿ 7’ ಎಂದು ಹೌದುಗಳನ್ನಷ್ಟೇ ಜೋಡಿಸುತ್ತ ಹೋಗುತ್ತಿದ್ದೆ. ನಡುವಿನ ‘ಇಲ್ಲಿ 7 ಅಲ್ಲ’ ಎಂಬ ಹೆಜ್ಜೆಯನ್ನು ಬರೆಯುತ್ತಲೇ ಇರಲಿಲ್ಲ. ತರ್ಕ ಕುಸಿದದ್ದು ಸರಿಯಾಗಿ ಅಲ್ಲೇ. ‘ಎರಡೂ 7 ಆಗಲಾರವು’ ಎಂಬುದನ್ನು ‘ಎರಡರಲ್ಲೊಂದು 7’ ಎಂದು ಓದಿಕೊಂಡಿದ್ದೆ.

ಹಾಗಾದರೆ ಅಷ್ಟೊಂದು ಒಗಟುಗಳು ಸರಿ ಬಂದದ್ದು ಹೇಗೆ? ಈ ಲೆಕ್ಕ ಹೊಳೆದಾಗ ಮನಸ್ಸಿಗೆ ತುಂಬಾ ನೋವಾಯಿತು. ಮೂರು ಅಭ್ಯರ್ಥಿಗಳಿರುವ ಮನೆಯಲ್ಲಿ ಒಂದನ್ನು ಕಣ್ಣುಮುಚ್ಚಿ ಅಳಿಸಿದರೂ ಮೂರರಲ್ಲಿ ಎರಡು ಪಾಲು ಅದು ಸರಿಯೇ ಆಗುತ್ತದೆ, ಏಕೆಂದರೆ ಉಳಿಯಬೇಕಾದ ಅಂಕಿ ಒಂದೇ. ಅಭ್ಯರ್ಥಿಯನ್ನು ಅಳಿಸುವ ಕೆಲಸದಲ್ಲಿ ಅದೃಷ್ಟ ಅಷ್ಟು ಧಾರಾಳ. ಕೆಟ್ಟ ಸರಪಳಿಯನ್ನು ಉತ್ತರದ ಪುಟ ಹಿಡಿಯುವುದಿಲ್ಲ, ಮೆಚ್ಚಿ ಕಳಿಸುತ್ತದೆ. ಸ್ಪರ್ಧೆಯಲ್ಲಿ ಅದು ನಡೆಯುತ್ತದೆ. 2017ರಲ್ಲಿ ವಿಶ್ವ ಸುಡೊಕು ಚಾಂಪಿಯನ್‌ಶಿಪ್ ಬೆಂಗಳೂರಿನಲ್ಲೇ ನಡೆಯಿತು. ಅಂಥ ಕಡೆ ಗಡಿಯಾರ ಓಡುತ್ತಿರುವಾಗ ತುಂಬಿದ ಚೌಕಕ್ಕೇ ಅಂಕ, ಸ್ಪರ್ಧಿ ಊಹಿಸಿದನೋ ಸಾಧಿಸಿದನೋ ಯಾರೂ ಕೇಳುವುದಿಲ್ಲ. ಆದರೆ ನನ್ನ ನೋಟ್‌ಬುಕ್ ಇನ್ನೊಬ್ಬರ ಕೈಯಲ್ಲಿ ಪಾಠವಾಗಿತ್ತು. ನನಗೆ ಒಲಿದ ಅದೃಷ್ಟ ಅವಳಿಗೆ ಒಲಿಯಲಿಲ್ಲ, ಅವಳು ತನ್ನನ್ನೇ ದೂರಿಕೊಂಡಳು.

ಆಮೇಲೆ ಅವಳೂ ನಾನೂ ಕೂತು ಹಳೆಯ ಸರಪಳಿಗಳನ್ನೆಲ್ಲ ಹೊಸದಾಗಿ ಬರೆದೆವು. ಒಂದು ಅಭ್ಯಾಸ ಇಟ್ಟುಕೊಂಡೆವು: ಪ್ರತಿ ‘=’ ಹಾಕುವ ಮುನ್ನ ‘ಯಾವ ಸಾಲಿನಲ್ಲಿ, ಅಥವಾ ಯಾವ ಮನೆಯಲ್ಲಿ, ಎರಡೇ?’ ಎಂದು ಗಟ್ಟಿಯಾಗಿ ಹೇಳುವುದು. ಬರೆದಾದ ಮೇಲೆ ಬಲದಿಂದ ಎಡಕ್ಕೂ ಓದುವುದು. ಸರಿಯಾದ ಸರಪಳಿ ಎರಡು ದಿಕ್ಕಿನಲ್ಲೂ ನಿಲ್ಲುತ್ತದೆ. ಮೇಲಿನದನ್ನು ಹಿಂದಿನಿಂದ ಓದಿದರೆ ಆರ್6ಸಿ1ರಲ್ಲಿ 4 ಇಲ್ಲ, ಆದ್ದರಿಂದ 7; ಹಾಗಾಗಿ ಆರ್6ಸಿ8ರಲ್ಲಿ 7 ಇಲ್ಲ; ಮುಂದೆ ಆರ್2ಸಿ8ಕ್ಕೆ ಹೋಗಲು ದಾರಿಯಿಲ್ಲ, ಒಂಬತ್ತನೇ ಸಾಲಿನ 7 ಅಡ್ಡ ನಿಲ್ಲುತ್ತದೆ. ಬಾಣಗಳಿಗೆ ಈ ಪರೀಕ್ಷೆಯೇ ಇರಲಿಲ್ಲ.

ತುದಿಗಳ ಬಗೆಗೂ ನನಗೆ ತಪ್ಪು ತಿಳಿವಳಿಕೆಯಿತ್ತು. ‘=’ನಿಂದ ಆರಂಭವಾಗಿ ‘=’ನಲ್ಲಿ ಮುಗಿಯುವ ಸರಪಳಿ ಎರಡು ತುದಿಗಳಲ್ಲಿ ಕನಿಷ್ಠ ಒಂದು ನಿಜ ಎಂದಷ್ಟೇ ಹೇಳುತ್ತದೆ, ಎರಡೂ ನಿಜವಾಗಿರಬಹುದು. ಎಂಟನೇ ಕಂಬಸಾಲಿನ 7 ಎರಡೇ ಕಡೆ ಇದ್ದಿದ್ದರೆ, ಎರಡೂ ತುದಿಗಳ ದೃಷ್ಟಿಗೆ ಬೀಳುವ ಆರ್1ಸಿ1, ಆರ್3ಸಿ1ಗಳಿಂದ 4 ಅಳಿಸಬಹುದಿತ್ತು. ಒಂದು ತುದಿ ನಿಜವಾಯಿತೆಂದು ಇನ್ನೊಂದನ್ನು ಮಾತ್ರ ಅಳಿಸಬಾರದು. ಹಾಗೆ ಅಳಿಸಿದ ಸರಪಳಿಗಳೂ ನೋಟ್‌ಬುಕ್ಕಿನಲ್ಲಿ ಇದ್ದವು. ಅವುಗಳನ್ನು ಹುಡುಕಿ ತೆಗೆದವಳು ಅವಳೇ.