ಎಮ್ಮೆಗೆ ಬರೆ

ಬಲಭುಜ ನೋವೆಂದು ಹೋದರೆ ಅಕ್ಯುಪಂಕ್ಚರಿನಾಕೆ ಕಾಲಿಗೆ ಸೂಜಿ ಚುಚ್ಚಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆಯನ್ನು ಹೊಳಲ್ಕೆರೆಯ ಶಾಲೆಯಲ್ಲಿ ಮೂವತ್ತು ವರ್ಷ ಮಕ್ಕಳಿಂದ ವಿಸ್ತರಿಸಿ ಬರೆಸಿದವಳು ನಾನು. ಎಮ್ಮೆಯ ಪಾಡು ಏನೆಂದು ಗೊತ್ತಾದದ್ದು ಮಾತ್ರ ಅವತ್ತೇ.

ಕರಿಹಲಗೆಗೆ ಎತ್ತಿ ಎತ್ತಿ ಸವೆದ ಕೈ ನಿವೃತ್ತಿಯಾದ ಮೇಲೆ ಮುಷ್ಕರ ಹೂಡಿತ್ತು. ಜಡೆ ಹಾಕಿಕೊಳ್ಳಲು ಆಗದು, ಅಟ್ಟಣೆಯ ಮೇಲಿನ ಡಬ್ಬಿ ಎಟುಕದು. ಡಾಕ್ಟರು ‘ಫ್ರೋಜನ್ ಶೋಲ್ಡರ್’ ಅಂದರು, ಮಾತ್ರೆ ಕೊಟ್ಟರು. ಮಾತ್ರೆ ಹೊಟ್ಟೆಯನ್ನು ಕೆಡಿಸಿತು, ಭುಜದ ತಂಟೆಗೆ ಹೋಗಲಿಲ್ಲ. ಕಾಲು ಮುಂದಾಗಿ ಹುಟ್ಟಿದವರಿಂದ ತುಳಿಸಿಕೋ ಎಂದವರೂ ಇದ್ದರು. ಅದು ಸೊಂಟದ ಉಳುಕಿಗಲ್ಲವೇ ಎಂದು ತಪ್ಪಿಸಿಕೊಂಡೆ. ಕೊನೆಗೆ ಚಿತ್ರದುರ್ಗದ ಬಸ್ಸು ಹತ್ತಿಸಿದ್ದು ಪಕ್ಕದ ಮನೆಯಾಕೆ.

ಅಲ್ಲಿನ ಅಕ್ಯುಪಂಕ್ಚರ್ ಕ್ಲಿನಿಕ್ಕಿನಲ್ಲಿ ಪರದೆ ಕಟ್ಟಿದ ಮೂರು ಮಂಚ. ಕೂದಲೆಳೆಯಂಥ ಸೂಜಿಗಳು. ಹೊಸದುರ್ಗದ ತೆಂಗಿನ ತೋಟದ ಅಜ್ಜ ಸೊಂಟ ಹಿಡಿದುಕೊಂಡು ಬಂದಿದ್ದ. ನಮ್ಮ ಕಡೆ ಇಂಜೆಕ್ಷನ್ನಿಗೆ ಸೂಜಿಮದ್ದು ಅನ್ನುವುದು ರೂಢಿ. ಅಜ್ಜನಿಗೆ ಅನುಮಾನ: “ಬರೀ ಸೂಜಿ ಐತಲ್ಲಮ್ಮ, ಮದ್ದೆಲ್ಲಿ?” ಚುಚ್ಚುವಾಕೆ ನಕ್ಕರು. ನನಗೂ ಅದೇ ಪ್ರಶ್ನೆಯಿತ್ತು. ಮೇಷ್ಟ್ರಮ್ಮ ಕೇಳಬಾರದೆಂದು ಸುಮ್ಮನಿದ್ದೆ.

ಮೊಣಕಾಲಿಗೂ ಪಾದದ ಗಿಣ್ಣಿಗೂ ನಡುಮಧ್ಯೆ, ಹೊರಮಗ್ಗುಲಲ್ಲಿ ಚುಚ್ಚಿ, ಸೂಜಿಯನ್ನು ಮೆಲ್ಲಗೆ ತಿರುಗಿಸುತ್ತ “ಈಗ ಕೈ ಎತ್ತಿ” ಅಂದರು. ಚುಚ್ಚಿದ್ದು ನೋಯಲಿಲ್ಲ, ಒಳಗೆಲ್ಲೋ ಭಾರ, ಜೋಮು. ಚೀನೀಯರು ಆ ಭಾರವನ್ನೇ ಕಾಯುತ್ತಾರಂತೆ, ಅದಕ್ಕೆ ‘ದಚೀ’ ಎಂಬ ಹೆಸರೂ ಇದೆ. ಕೈ ನಾಲ್ಕು ಬೆರಳು ಮೇಲೆ ಹೋಯಿತು. ಅಷ್ಟೇ.

ಚೀನಾದ ಈ ಸೂಜಿ ನಮ್ಮ ದೇಶಕ್ಕೆ ಬಂದದ್ದೂ ಒಂದು ಕತೆ. 1938ರಲ್ಲಿ ಅಲ್ಲಿಗೆ ಹೋದ ಐವರು ಭಾರತೀಯ ವೈದ್ಯರಲ್ಲಿ ಸೊಲ್ಲಾಪುರದ ಕೋಟ್ನೀಸರ ಹೆಸರು ಎಲ್ಲರಿಗೂ ಗೊತ್ತು. ಅವರು 1942ರಲ್ಲಿ ಅಲ್ಲೇ ತೀರಿಕೊಂಡರು. ಸೂಜಿಯನ್ನು ಇಲ್ಲಿಗೆ ತಂದದ್ದು ಅವರ ಜೊತೆಗಾರ ಬಿಜಯ್ ಕುಮಾರ್ ಬಸು. ಮತ್ತೆ ಚೀನಾಕ್ಕೆ ಹೋಗಿ ಕಲಿತು, 1959ರಲ್ಲಿ ಕಲ್ಕತ್ತೆಯಲ್ಲಿ ಶುರುಮಾಡಿದರು. ಕೋಟ್ನೀಸರ ಮೇಲೆ ಬಂದಂತೆ ಇವರ ಮೇಲೆ ಸಿನಿಮಾ ಬಂದದ್ದು ನಾನು ಕೇಳಿಲ್ಲ.

ಮೂರನೆಯ ವಾರ ಚುಚ್ಚುವಾಕೆ ಕೇಳಿದರು: “ನಿದ್ದೆ ಬರುತ್ತಾ ನಿಮಗೆ?” ಭುಜ ನೋಡಿದ ಯಾರೂ ಅದನ್ನು ಕೇಳಿರಲಿಲ್ಲ. ಯಜಮಾನರು ಹೋಗಿ ಎಂಟು ತಿಂಗಳಾಗಿತ್ತು. ತಿಥಿಯ ಅಡುಗೆ, ಪಿಂಚಣಿ ಕಾಗದ, ಬ್ಯಾಂಕು ಅಂತ ಓಡಾಡಿದ್ದೇನೆಯೇ ಹೊರತು ಅತ್ತಿರಲಿಲ್ಲ. ಹುಬ್ಬುಗಳ ನಡುವೆ, ಕುಂಕುಮದ ಜಾಗದಲ್ಲಿ, ಒಂದು ಸೂಜಿ ಇಟ್ಟು ದೀಪ ಆರಿಸಿ ಹೋದರು. ಅಲುಗಾಡುವಂತಿಲ್ಲ, ಫೋನು ಮುಟ್ಟುವಂತಿಲ್ಲ. ಅರ್ಧ ಗಂಟೆ ಸುಮ್ಮನೆ ಮಲಗಿ ಎಷ್ಟು ವರ್ಷವಾಗಿತ್ತೋ! ಕಣ್ಣೀರು ಕಿವಿಯೊಳಗೆ ಇಳಿಯಿತು, ಒರೆಸಿಕೊಳ್ಳಲು ಕೈಯ ತುಂಬ ಸೂಜಿ. ಬಿಕ್ಕಿದ್ದು ಕೇಳಿರಬೇಕು. ಪರದೆಯಾಚೆಯಿಂದ ಹಿರಿಯೂರಿನ ಹೆಂಗಸೊಬ್ಬಳು, “ಮಾರಿಕಣಿವೆ ಕೋಡಿ ಬಿತ್ತು ಬಿಡಕ್ಕ, ಹರೀಲಿ” ಅಂದಳು. 1933ರಲ್ಲಿ ಕೋಡಿ ಬಿದ್ದ ಆ ಜಲಾಶಯ ಮತ್ತೆ ಬೀಳಲು 2022ರವರೆಗೆ ಕಾಯಿಸಿತ್ತು. ಯಜಮಾನರೂ ನಾನೂ ಹೋಗಿ ನೋಡಿ ಬಂದಿದ್ದೆವು. ಅಳುತ್ತಲೇ ನಗು ಬಂತು. ಅವತ್ತು ರಾತ್ರಿ ಏಳು ಗಂಟೆ ನಿದ್ದೆ ಮಾಡಿದೆ.

ಬೆಂಗಳೂರಿನ ಮಗ ಇದನ್ನೆಲ್ಲ ನಂಬುವುದಿಲ್ಲ. ಜರ್ಮನಿಯಲ್ಲಿ ಸೊಂಟನೋವಿನ 1162 ಜನರ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನವೊಂದನ್ನು ಓದಿ ಹೇಳಿದ. ಸರಿಯಾದ ಜಾಗಕ್ಕೆ ಚುಚ್ಚಿಸಿಕೊಂಡವರಲ್ಲಿ ನೂರಕ್ಕೆ ಸುಮಾರು 48 ಜನರಿಗೆ ಸುಧಾರಣೆ. ಜಾಗ ಬಿಟ್ಟು ಮೇಲೆ ಮೇಲೆ ಚುಚ್ಚಿಸಿಕೊಂಡವರಲ್ಲಿ 44. ಮಾತ್ರೆ, ವ್ಯಾಯಾಮದವರಲ್ಲಿ 27. “ನೋಡಮ್ಮ, ಎಲ್ಲಿ ಚುಚ್ಚಿದರೂ ಒಂದೇ.” ಹಾಗಾದರೆ ಎಮ್ಮೆಗೆ ಬರೆ ಹಾಕಿದರೂ ಎತ್ತಿನ ಜ್ವರ ಇಳಿಯುತ್ತೆ ಅಂತಾಯಿತಲ್ಲೋ ಅಂದೆ. ಫೋನಿನಲ್ಲಿ ಸದ್ದಿಲ್ಲ. ಹೆಪ್ಪುಗಟ್ಟಿದ ಭುಜ ಒಂದೆರಡು ವರ್ಷಕ್ಕೆ ತಾನೇ ಸಡಿಲವಾಗುವುದೂ ಉಂಟು, ಬಲ್ಲೆ. ಭುಜದ ಲೆಕ್ಕ ಅವನಿಗೇ ಇರಲಿ. ನಿದ್ದೆಯ ಲೆಕ್ಕವನ್ನು ನಾನು ಬಿಟ್ಟುಕೊಡುವುದಿಲ್ಲ.

ಹೋಗುವವರು ಹೋಗಿ. ಮೊದಲು ಡಾಕ್ಟರಿಗೆ ತೋರಿಸಿ, ನೋವಿನ ಮೂಲ ಏನೆಂದು ತಿಳಿದುಕೊಂಡು ಹೋಗಿ. ಸೂಜಿಯನ್ನು ಹೊಸ ಪೊಟ್ಟಣದಿಂದ ಕಣ್ಣೆದುರೇ ಬಿಚ್ಚಿಸಿ. ರಕ್ತ ತೆಳುವಾಗುವ ಮಾತ್ರೆ ನುಂಗುವವರು ಮುಂಚೆಯೇ ಹೇಳಿ. ಬರಿಹೊಟ್ಟೆಯಲ್ಲಿ ಮಾತ್ರ ಹೋಗಬೇಡಿ. ಮೊದಲ ದಿನ ಹಾಗೆ ಹೋಗಿ ತಲೆಸುತ್ತಿ, ಹೊಸದುರ್ಗದ ಅಜ್ಜನ ಬುತ್ತಿಯ ರೊಟ್ಟಿ ತಿಂದು ಬಸ್ಸು ಹತ್ತಿದವಳು ನಾನು.