ಕ್ಯಾಮೆರಾ ಯಾರ ಮನೆಯಲ್ಲಿತ್ತು?

ಕುರೈನ್ ಬಡಾವಣೆಯಲ್ಲಿ ಟ್ಯಾಕ್ಸಿಯಿಂದ ಇಳಿಯುತ್ತೀರಿ. ಕುವೈತ್ ನಗರದ ದಕ್ಷಿಣಕ್ಕಿರುವ ಈ ಬೀದಿಯಲ್ಲಿ ಮೊದಲ ನೋಟಕ್ಕೆ ವಿಶೇಷವೇನೂ ಇಲ್ಲ. ಮರಳಿನ ಬಣ್ಣದ ಮನೆಗಳು, ತಾರಸಿಯ ಮೇಲೆ ನೀರಿನ ಟ್ಯಾಂಕುಗಳು, ಗೇಟಿನ ಮುಂದೆ ಧೂಳು ಹಿಡಿದ ದೊಡ್ಡ ಕಾರುಗಳು. ನಾಲ್ಕು ಹೆಜ್ಜೆ ಮುಂದೆ ಹೋದರೆ ಯುದ್ಧದ ಟ್ಯಾಂಕೊಂದು ನಿಂತಿದೆ. ಅದರ ಹತ್ತಿರವೇ ಅರ್ಧ ಮುಖ ಹಾರಿಹೋದ ಮನೆ. ಬೈತ್ ಅಲ್ ಕುರೈನ್. ಈಗ ಇದು ಹುತಾತ್ಮರ ವಸ್ತುಸಂಗ್ರಹಾಲಯ. ಕೊಲ್ಲಿ ಯುದ್ಧ ಮುಗಿದ ಮೇಲೆ ಇದನ್ನು ದುರಸ್ತಿ ಮಾಡಲಿಲ್ಲ. ಇದ್ದ ಸ್ಥಿತಿಯಲ್ಲೇ ಉಳಿಸಿಕೊಂಡರು.

ಒಳಗೆ ಬನ್ನಿ. ಕುಸಿದ ಕಾಂಕ್ರೀಟಿನಿಂದ ಕಬ್ಬಿಣದ ಸರಳುಗಳು ಹೊರಚಾಚಿಕೊಂಡಿವೆ. ಹೊರಗೆ ಬಿಸಿಲು ಕಣ್ಣು ಚುಚ್ಚುತ್ತಿದ್ದರೂ ಇಲ್ಲಿ ಮಬ್ಬು. ಆ ಮಬ್ಬಿನಲ್ಲಿ ಗೋಡೆಯ ತೂತುಗಳು ಒಂದೊಂದಾಗಿ ಬೆಳಗುತ್ತವೆ. ಕೆಲವಕ್ಕೆ ಬೆರಳು ಹಿಡಿಸುತ್ತದೆ, ಕೆಲವಕ್ಕೆ ಮುಷ್ಟಿ. ಟ್ಯಾಂಕಿನ ಗುಂಡು ಬಿದ್ದ ಕಡೆ ಗೋಡೆಯೇ ಇಲ್ಲ, ಬೀದಿ ನೇರವಾಗಿ ಕಾಣುತ್ತದೆ. ಎದುರು ಮನೆಯ ಗೇಟು, ಯಾರದೋ ಕಾರು, ನಡೆದು ಹೋಗುವ ಒಬ್ಬ ಮನುಷ್ಯ.

1991ರ ಫೆಬ್ರವರಿ 24ರ ಬೆಳಗ್ಗೆ ಈ ಮನೆಯಲ್ಲಿ ಇದ್ದವರು 19 ಮಂದಿ ಕುವೈತಿಗಳು, ಕುವೈತನ್ನು ವಶಪಡಿಸಿಕೊಂಡಿದ್ದ ಇರಾಕಿನ ವಿರುದ್ಧ ಹೋರಾಡುತ್ತಿದ್ದ ಅಲ್ ಮಸೀಲಾ ಎಂಬ ಪ್ರತಿರೋಧ ತಂಡದವರು. ಕುವೈತನ್ನು ಬಿಡಿಸಲು ಬಂದ ಅಮೆರಿಕ ಮತ್ತಿತರ ಮಿತ್ರಪಡೆಗಳ ಭೂಯುದ್ಧ ಶುರುವಾದದ್ದೂ ಅದೇ ದಿನ. ಇರಾಕಿ ಸೈನಿಕರು ಮನೆ ಮುಂದೆ ಬಂದರು, ಗುಂಡು ಹಾರಿತು, ಆಮೇಲೆ ಟ್ಯಾಂಕುಗಳೂ ಬಂದವು. ಕಾಳಗ ನಡೆದದ್ದು ಸುಮಾರು ಹತ್ತು ಗಂಟೆ. ತಂಡದ 12 ಮಂದಿ ಸತ್ತರು. ಹೋರಾಡುತ್ತ ಮಡಿದವರಿಗಿಂತ ಸೆರೆಸಿಕ್ಕು ಕೊಲೆಯಾದವರೇ ಹೆಚ್ಚು. ಎರಡೇ ದಿನ ತಡೆದಿದ್ದರೆ ಊರೇ ಬಿಡುಗಡೆಯಾಗುತ್ತಿತ್ತು.

ಈ ಗೋಡೆಯ ಪಕ್ಕ ಕೂತು ಹತ್ತು ಗಂಟೆಯನ್ನು ಒಮ್ಮೆ ಲೆಕ್ಕ ಹಾಕಿ. ಬೆಳಗಿನ ತಿಂಡಿಯ ಹೊತ್ತಿಗೆ ಶುರುವಾದದ್ದು ಸಂಜೆ ಕತ್ತಲಾಗುವ ತನಕ. ಸಿನಿಮಾ ಇದಕ್ಕೆ ಹೆಚ್ಚೆಂದರೆ ಹನ್ನೆರಡು ನಿಮಿಷ ಕೊಟ್ಟೀತು. ಧೂಳು, ಕಿವಿಗಡಚಿಕ್ಕುವ ಸದ್ದು, ಕೈಯಲ್ಲಿ ಹಿಡಿದ ಕ್ಯಾಮೆರಾದ ನಡುಕ, ಎಲ್ಲವನ್ನೂ ಇವತ್ತಿನ ನಿರ್ದೇಶಕರು ಅಚ್ಚುಕಟ್ಟಾಗಿ ತರುತ್ತಾರೆ. ಆದರೆ ನೀವು ಈಗ ಕೂತ ಜಾಗದಲ್ಲಿ ಕ್ಯಾಮೆರಾ ಇಡುವವರು ಕಡಿಮೆ. ಯುದ್ಧಚಿತ್ರದ ಕ್ಯಾಮೆರಾ ಸಾಮಾನ್ಯವಾಗಿ ಬಂದೂಕಿನ ಹಿಂದೆ ಇರುತ್ತದೆ, ಬಂದಿಳಿದ ಸೈನಿಕನ ಹೆಗಲ ಮೇಲೆ. ಗುಂಡು ಯಾರ ಮನೆಯ ಗೋಡೆಗೆ ಬಿತ್ತೋ ಆ ಮನೆಯೊಳಗಿನಿಂದ ಯುದ್ಧ ಹೇಗೆ ಕಾಣುತ್ತದೆ ಎಂಬುದು ತೆರೆಗೆ ಬರುವುದೇ ಅಪರೂಪ.

ಟ್ಯಾಕ್ಸಿ ಕಾಯುತ್ತಿದೆ. ಚಾಲಕ ಕುಂದಾಪುರ ಕಡೆಯವರು. “ಮುತ್ಲಾಕ್ಕೆ ಹೋಗುವನಾ?” ಎನ್ನುತ್ತಾರೆ. ಜಹ್ರಾ ದಾಟಿ ಉತ್ತರಕ್ಕೆ, ಇರಾಕ್ ಗಡಿಯತ್ತ ಹೋಗುವ 80ನೇ ಹೆದ್ದಾರಿ ಹಿಡಿಯುತ್ತೀರಿ. ಎರಡೂ ಕಡೆ ಚಪ್ಪಟೆ ನೆಲ, ವಿದ್ಯುತ್ ಕಂಬಗಳ ಸಾಲು, ಚಳಿಗಾಲದಲ್ಲಿ ಕುವೈತಿಗಳು ಮರಳಲ್ಲಿ ಹಾಕಿಕೊಳ್ಳುವ ಗುಡಾರಗಳು.

ಜಗತ್ತಿನ ಸಿನಿಮಾ ಪ್ರೇಕ್ಷಕರ ತಲೆಯಲ್ಲಿರುವ ‘ಕುವೈತ್’ ಈ ನೆಲ ಅಲ್ಲವೇ ಅಲ್ಲ. 1999ರ ‘ತ್ರೀ ಕಿಂಗ್ಸ್’ನಲ್ಲಿ ಯುದ್ಧ ಮುಗಿದ ಕೂಡಲೇ ಅಮೆರಿಕದ ಸೈನಿಕರು, ಇರಾಕಿಗಳು ಕುವೈತಿನಿಂದ ಕದ್ದ ಚಿನ್ನ ಹುಡುಕಿಕೊಂಡು ಹೋಗುತ್ತಾರೆ. ಆ ಮರುಭೂಮಿ ಬಹುಪಾಲು ಅರಿಜೋನಾದ್ದು. 1996ರ ‘ಕರೇಜ್ ಅಂಡರ್ ಫೈರ್’ಗೆ ಅಮೆರಿಕದ ಸೇನೆ ನೆರವು ಕೊಡಲಿಲ್ಲ. ಹಾಗಾಗಿ ಆಸ್ಟ್ರೇಲಿಯಾದಿಂದ ಹಳೆಯ ಸೆಂಚುರಿಯನ್ ಟ್ಯಾಂಕುಗಳನ್ನು ತರಿಸಿ, ತಗಡು ಹೊದಿಸಿ, ಅಬ್ರಾಮ್ಸ್ ಟ್ಯಾಂಕುಗಳ ವೇಷ ಹಾಕಿಸಿದರು. ಸ್ಯಾಮ್ ಮೆಂಡೆಸ್ 2005ರಲ್ಲಿ ಮಾಡಿದ ‘ಜಾರ್‌ಹೆಡ್’ನ ಮರಳು ಕ್ಯಾಲಿಫೋರ್ನಿಯಾದ್ದು, ಎಣ್ಣೆಬಾವಿಗಳ ಬೆಂಕಿಯಲ್ಲಿ ಕಂಪ್ಯೂಟರಿನ ಕೈವಾಡ ದೊಡ್ಡದು.

ಹಾಗಂತ ಇವನ್ನೆಲ್ಲ ಸುಳ್ಳು ಎಂದು ತಳ್ಳಿಹಾಕುವಂತಿಲ್ಲ. ‘ತ್ರೀ ಕಿಂಗ್ಸ್’ ಕ್ಯಾಮೆರಾವನ್ನು ಗಾಯದೊಳಗೇ ಕರೆದೊಯ್ದು, ಒಂದು ಗುಂಡು ಹೊಟ್ಟೆಯಲ್ಲಿ ಮಾಡುವ ಕೆಲಸ ಏನೆಂದು ತೋರಿಸಿತು. ‘ಜಾರ್‌ಹೆಡ್’ ಇನ್ನೂ ಜಾಣ ಚಿತ್ರ. ಅದರ ಗುರಿಕಾರ ಸೈನಿಕನಿಗೆ ಯುದ್ಧ ಮುಗಿಯುವವರೆಗೂ ಶತ್ರುವಿನ ಮೇಲೆ ಗುಂಡು ಹಾರಿಸುವ ಅವಕಾಶ ಸಿಗುವುದಿಲ್ಲ. ಕೊಲ್ಲಿಗೆ ಹೊರಡುವ ಮೊದಲು ಸೈನಿಕರೆಲ್ಲ ಒಟ್ಟಾಗಿ ಕೂತು ವಿಯೆಟ್ನಾಂ ಯುದ್ಧದ ‘ಅಪೊಕ್ಯಾಲಿಪ್ಸ್ ನೌ’ ನೋಡುತ್ತಾರೆ. ಹೆಲಿಕಾಪ್ಟರುಗಳು ಹಳ್ಳಿಯ ಮೇಲೆ ಎರಗುವಾಗ ಕೇಕೆ ಹಾಕಿ ಕುಣಿಯುತ್ತಾರೆ. ಯುದ್ಧ ಬೇಡ ಅನ್ನುವ ಚಿತ್ರ ಎಷ್ಟು ನೈಜವಾಗಿದ್ದರೂ ಬಂದೂಕಿನ ಹಿಂದೆ ಕೂತು ನೋಡಿದವನಿಗೆ ಅದು ಹುಮ್ಮಸ್ಸನ್ನೇ ಕೊಡುತ್ತದೆ. ಇದನ್ನು ‘ಜಾರ್‌ಹೆಡ್’ ತಾನೇ ತೋರಿಸಿಕೊಟ್ಟಿದೆ.

ನಿಜವಾದ ಕುವೈತಿನಲ್ಲಿ ಕ್ಯಾಮೆರಾ ಹಿಡಿದವರಲ್ಲಿ ಜರ್ಮನಿಯ ವೆರ್ನರ್ ಹೆರ್ಜೋಗ್ ಒಬ್ಬರು. ಇರಾಕಿ ಸೇನೆ ಕಾಲ್ತೆಗೆಯುವಾಗ ಆರುನೂರಕ್ಕೂ ಹೆಚ್ಚು ಬಾವಿಗಳಿಗೆ ಬೆಂಕಿ ಇಟ್ಟಿತ್ತು. ಕೊನೆಯದು ಆರಿದ್ದು 1991ರ ನವೆಂಬರ್ 6ರಂದು. ಆ ಬೆಂಕಿಯ ಮೇಲೆ ಹೆಲಿಕಾಪ್ಟರಿನಲ್ಲಿ ಹಾರಿ ತೆಗೆದ ದೃಶ್ಯಗಳಿಂದ ಹೆರ್ಜೋಗ್ 1992ರಲ್ಲಿ ‘ಲೆಸನ್ಸ್ ಆಫ್ ಡಾರ್ಕ್‌ನೆಸ್’ ಕಟ್ಟಿದರು. ಚಿತ್ರದ ಆರಂಭಕ್ಕೆ ತತ್ವಜ್ಞಾನಿ ಪಾಸ್ಕಲ್ ಹೆಸರಿನಲ್ಲಿ ಒಂದು ಮಾತಿದೆ. ಅದು ಹೆರ್ಜೋಗ್ ತಾವೇ ಬರೆದದ್ದು! ಯಾತನೆಯನ್ನು ಚಂದ ಮಾಡಿ ತೋರಿಸಿದ್ದಾರೆಂದು ಬರ್ಲಿನ್ ಉತ್ಸವದಲ್ಲಿ ಪ್ರೇಕ್ಷಕರು ಕೂಗಾಡಿದರು. ಆದರೂ ಆ ಚಿತ್ರದಲ್ಲಿ ಒಬ್ಬ ತಾಯಿ ಬರುತ್ತಾಳೆ. ಮಕ್ಕಳು ಕಣ್ಣೆದುರೇ ಹಿಂಸೆಗೊಳಗಾದದ್ದನ್ನು ಕಂಡು ಅವಳ ಮಾತೇ ನಿಂತುಹೋಗಿದೆ. ಆಗಸದೆತ್ತರದ ಬೆಂಕಿ ಮರೆತರೂ ಮಾತಿಗಾಗಿ ತಡಕಾಡುವ ಅವಳ ಬಾಯಿ ಮರೆಯುವುದಿಲ್ಲ. ಅಷ್ಟು ಹೊತ್ತಾದರೂ ಕ್ಯಾಮೆರಾ ಮನೆಯವರ ಕಡೆ ತಿರುಗಿತ್ತು.

ಕಾರು ಮುತ್ಲಾ ದಿಬ್ಬ ಏರುತ್ತದೆ. 1991ರ ಫೆಬ್ರವರಿಯ ಕೊನೆಯ ವಾರ, ಓಡಿಹೋಗುತ್ತಿದ್ದ ಇರಾಕಿಗಳ ಸಾವಿರಕ್ಕೂ ಹೆಚ್ಚು ವಾಹನಗಳನ್ನು ಅಮೆರಿಕದ ವಿಮಾನಗಳು ಇಲ್ಲೇ ಅಡ್ಡಗಟ್ಟಿ ಸುಟ್ಟವು. ‘ಸಾವಿನ ಹೆದ್ದಾರಿ’ ಎಂಬ ಹೆಸರು ಬಂದದ್ದು ಆಗಲೇ. ಈಗ ಒಂದು ತುಂಡು ತಗಡೂ ಇಲ್ಲ. ಲಾರಿಗಳು ಅಬ್ದಲಿ ಗಡಿಯ ಕಡೆ ಓಡುತ್ತಿವೆ, ಈಚೆ ಮುತ್ಲಾ ಎಂಬ ಹೊಸ ಊರೇ ಏಳುತ್ತಿದೆ. ಆ ದಿನಗಳಲ್ಲಿ ಛಾಯಾಗ್ರಾಹಕ ಕೆನೆತ್ ಜಾರೆಕ್, ಲಾರಿಯಿಂದ ಹೊರಬರಲು ಹೆಣಗುತ್ತಲೇ ಸುಟ್ಟು ಕರಕಲಾದ ಇರಾಕಿ ಸೈನಿಕನೊಬ್ಬನ ಚಿತ್ರ ತೆಗೆದರು. ಅಮೆರಿಕದ ಸುದ್ದಿಸಂಸ್ಥೆ ಅದನ್ನು ಪತ್ರಿಕೆಗಳಿಗೆ ಕಳಿಸದೆ ತಡೆಹಿಡಿಯಿತು, ಲಂಡನ್ನಿನ ‘ಅಬ್ಸರ್ವರ್’ ಅಚ್ಚು ಹಾಕಿತು. ಆ ಯುದ್ಧವನ್ನು ಟಿವಿಯಲ್ಲಿ ಜಗತ್ತೇ ಕೂತು ನೋಡಿತ್ತು. ನೋಡಿದ್ದು ಹೆಚ್ಚಾಗಿ ಬಾಂಬು ಹಾಕಿದವರು ಮೇಲಿಂದ ಕಂಡ ಯುದ್ಧ.

ವಾಪಸು ಬರುವಾಗ ಚಾಲಕರು, ಕುವೈತಿನಲ್ಲಿ ಸಿಕ್ಕಿಕೊಂಡ ಭಾರತೀಯರನ್ನು ಊರಿಗೆ ತಂದ ಕಥೆಯ ಹಿಂದಿ ಚಿತ್ರ ‘ಏರ್‌ಲಿಫ್ಟ್’ ವಿಷಯ ಎತ್ತುತ್ತಾರೆ. 1990ರ ಆಗಸ್ಟ್ 2ರಂದು ಇರಾಕ್ ನುಗ್ಗಿದಾಗ ಅವರ ತಂದೆ ಇಲ್ಲಿದ್ದರಂತೆ.

“ಸಿನೆಮಾದಲ್ಲಿ ಎಲ್ಲರೂ ಓಡುದೇ ಕಾಣಿ. ನಮ್ಮ ಅಪ್ಪಯ್ಯ ಹೇಳುದು ಬೇರೆ. ಓಡಿದ್ದು ಎಲ್ಲಿ ಮಾರಾಯ್ರೆ, ಕಾದದ್ದೇ ಕಾದದ್ದು. ಬ್ರೆಡ್ಡಿಗೆ ಕ್ಯೂ, ಬಸ್ಸಿಗೆ ಕ್ಯೂ, ಗಡಿಯಲ್ಲಿ ಕ್ಯೂ, ಅಮ್ಮಾನಿನಲ್ಲಿ ಕ್ಯೂ.”

2016ರ ಜನವರಿಯಲ್ಲಿ ತೆರೆಕಂಡ ‘ಏರ್‌ಲಿಫ್ಟ್’ನ ಕುವೈತ್ ಸಿದ್ಧವಾದದ್ದು ರಾಸ್ ಅಲ್ ಖೈಮಾದಲ್ಲಿ. ಅಕ್ಷಯ್ ಕುಮಾರ್ ಮಾಡಿದ ರಂಜಿತ್ ಕಟಿಯಾಲ್ ಎಂಬ ಪಾತ್ರ ಕಲ್ಪಿತ. ಅದರ ಹಿಂದೆ, ಆಗ ಕುವೈತಿನಲ್ಲಿ ಭಾರತೀಯರ ನೆರವಿಗೆ ನಿಂತವರಲ್ಲಿ ‘ಟೊಯೊಟಾ ಸನ್ನಿ’ ಎಂದೇ ಹೆಸರಾಗಿದ್ದ ಕೇರಳದ ಮಾತುಣ್ಣಿ ಮ್ಯಾಥ್ಯೂಸ್ ಇದ್ದಾರೆ, ಹರ್ಭಜನ್ ಸಿಂಗ್ ವೇದಿ ಇದ್ದಾರೆ. ತನ್ನ ಪಾಲಿನ ಕೆಲಸವನ್ನು ಚಿತ್ರ ತೋರಿಸಲಿಲ್ಲವೆಂದು ವಿದೇಶಾಂಗ ಸಚಿವಾಲಯ ಬೇಸರಪಟ್ಟಿತು. ಬಸ್ರಾ, ಬಾಗ್ದಾದ್ ದಾಟಿ, ಮರಳುಗಾಡಿನ ಶಿಬಿರಗಳಲ್ಲಿ ದಿನ ಎಣಿಸಿ, ಜೋರ್ಡಾನಿನ ಅಮ್ಮಾನ್ ತಲುಪಿದ ಲಕ್ಷಕ್ಕೂ ಹೆಚ್ಚು ಭಾರತೀಯರನ್ನು ಏರ್ ಇಂಡಿಯಾ 488 ಹಾರಾಟಗಳಲ್ಲಿ ಮುಂಬೈಗೆ ತಂದಿತು. ಅಷ್ಟು ಮಂದಿಯ ಕಾಯುವಿಕೆಗೆ ನಾಯಕ ಒಬ್ಬನೇ ಇರಲು ಸಾಧ್ಯವಿರಲಿಲ್ಲ. ಸಿನಿಮಾಕ್ಕೆ ಮಾತ್ರ ಒಬ್ಬನೇ ಬೇಕಿತ್ತು.

“ಊರಿಗೆ ಬಂದ ಮೇಲೆ ಫಾರಂ ತುಂಬಿದ್ದೂ ಉಂಟು,” ಎನ್ನುತ್ತಾರೆ ಚಾಲಕರು. ವಿಶ್ವಸಂಸ್ಥೆ 1991ರಲ್ಲಿ ಜಿನೀವಾದಲ್ಲಿ ಪರಿಹಾರ ಆಯೋಗ ತೆರೆದಿತ್ತು. ಇರಾಕಿನ ಎಣ್ಣೆ ಹಣದಿಂದ ಅದು 2022ರವರೆಗೆ ಕೊಟ್ಟದ್ದು ಸುಮಾರು 5,240 ಕೋಟಿ ಡಾಲರ್. ಕುವೈತ್ ಬಿಟ್ಟು ಓಡಬೇಕಾಗಿ ಬಂದ ಸಾಮಾನ್ಯ ಕೆಲಸಗಾರನಿಗೆ 2,500 ಡಾಲರ್, ಬೇರೇನೂ ಕೇಳುವುದಿಲ್ಲ ಎಂದವನಿಗೆ 4,000. ಹೆಚ್ಚು ಕೇಳುವವರು ಪಟ್ಟಿ ಕೊಡಬೇಕಿತ್ತು: ಬಿಟ್ಟುಬಂದ ಮನೆ ಸಾಮಾನು, ಬ್ಯಾಂಕಿನಲ್ಲಿ ಸಿಕ್ಕಿಕೊಂಡ ಹಣ, ಬಾರದೆ ಉಳಿದ ಸಂಬಳ. ಜೀವಭಯದಿಂದ ಅಡಗಿ ಕೂತದ್ದರ ಮನೋವೇದನೆಗೂ ಒಂದು ಕಲಮು ಇತ್ತು, ಅದಕ್ಕೂ ಇಂತಿಷ್ಟೇ ಎಂಬ ಮಿತಿ ಇತ್ತು.

ಯುದ್ಧ ಮನೆಯೊಳಗಿನಿಂದ ಹೇಗಿತ್ತು ಎಂಬುದಕ್ಕೆ ಈ ಅರ್ಜಿಗಳಿಗಿಂತ ಒಳ್ಳೆಯ ಚಿತ್ರಕಥೆ ಬೇಕೇ? ಕುವೈತಿನ ಮೇಲೆ ಇರಾಕ್ ನುಗ್ಗಿದ ವರ್ಷವೇ ಕನ್ನಡದಲ್ಲಿ ಕೊಡವ ಯೋಧನ ಕಥೆ ‘ಮುತ್ತಿನ ಹಾರ’ ಬಂತು. ಯುದ್ಧವನ್ನು ಸಂಸಾರದ ಒಳಗಿನಿಂದ ನೋಡುವುದು ನಮಗೆ ಹೊಸದೇನಲ್ಲ. ಟ್ಯಾಂಕಿನ ಮಾದರಿ ಸರಿಯೇ ಎಂದು ಕೇಳಲು ನಿರ್ದೇಶಕರು ಸೇನಾ ಸಲಹೆಗಾರರನ್ನು ಇಟ್ಟುಕೊಳ್ಳುತ್ತಾರೆ. ಆ ಫಾರಂ ತುಂಬಿದವರು ಕುಂದಾಪುರ, ಭಟ್ಕಳ, ಮಂಗಳೂರಿನ ಮನೆಗಳಲ್ಲಿ ಈಗಲೂ ಇದ್ದಾರೆ. ಬಹುಪಾಲು ಅರವತ್ತು ದಾಟಿದವರು. ಸಲಹೆ ಕೇಳಲು ಹೋಗುವುದಿದ್ದರೆ ಅವರ ಬಳಿಗೆ ಹೋಗಬೇಕು, ಅದೂ ಬೇಗ.